ಅಭಿವೃದ್ಧಿ ಅಧ್ಯಯನ ಸ್ನಾತಕೋತ್ತರ ಪದವಿ ಪ್ರವೇಶ

ಅಭಿವೃದ್ಧಿ ಅಧ್ಯಯನ ಸ್ನಾತಕೋತ್ತರ ಪದವಿ ಪ್ರವೇಶ ಎಂಬುದು ಅಭಿವೃದ್ಧಿ ಅಧ್ಯಯನ ವಿಷಯದಲ್ಲಿ ಎಂ.ಎ. ಅಥವಾ ಅದಕ್ಕೆ ಸಮಾನವಾದ ಪದವಿಗೆ ಅಭ್ಯರ್ಥಿಗಳು ಅರ್ಜಿ ಸಲ್ಲಿಸುವ ಹಾಗೂ ಸಂಸ್ಥೆಗಳು ಅವರನ್ನು ಆಯ್ಕೆ ಮಾಡುವ ಕ್ರಮವಾಗಿದೆ. ಬಡತನ, ಅಸಮಾನತೆ, ವಲಸೆ, ಭೂಸಂಬಂಧ, ಆರೋಗ್ಯ, ಶಿಕ್ಷಣ, ಪರಿಸರ ಮತ್ತು ಸರ್ಕಾರದ ನೀತಿಗಳನ್ನು ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಮಾನವಶಾಸ್ತ್ರಗಳ ನೆರವಿನಿಂದ ಒಟ್ಟಾಗಿ ನೋಡುವ ಅಂತರ್‌ಶಿಸ್ತೀಯ ವಿಷಯ ಇದು. ಭೌತಶಾಸ್ತ್ರದ ಎಂ.ಎಸ್ಸಿ.ಗೆ ಬರುವವರೆಲ್ಲರೂ ಭೌತಶಾಸ್ತ್ರವನ್ನು ಓದಿಯೇ ಬಂದಿರುತ್ತಾರೆ. ಅಭಿವೃದ್ಧಿ ಅಧ್ಯಯನಕ್ಕೆ ಹಾಗೆ ಒಂದೇ ಪದವಿಯ ತಳಹದಿಯಿಲ್ಲ. ಬಿ.ಎ., ಬಿ.ಕಾಂ., ಬಿ.ಎಸ್ಸಿ., ಬಿ.ಇ., ಕೃಷಿ ಪದವಿ ಹೀಗೆ ನಾನಾ ಕಡೆಗಳಿಂದ ಬಂದವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ತೂಗಬೇಕಾಗುವುದರಿಂದ, ಪದವಿಯ ಅಂಕಗಳಿಗಿಂತ ಪ್ರವೇಶ ಪರೀಕ್ಷೆ, ಉದ್ದೇಶ ಹೇಳಿಕೆ ಮತ್ತು ಸಂದರ್ಶನಗಳೇ ಬಹುತೇಕ ಕಡೆ ಆಯ್ಕೆಯನ್ನು ನಿರ್ಧರಿಸುತ್ತವೆ.

ಹಿನ್ನೆಲೆ

ಎರಡನೆಯ ಮಹಾಯುದ್ಧದ ನಂತರ ವಸಾಹತುಗಳು ಸ್ವತಂತ್ರವಾದಾಗ ಅವುಗಳ ಆರ್ಥಿಕ ಬೆಳವಣಿಗೆಯ ಪ್ರಶ್ನೆಯೊಂದಿಗೆ ಈ ವಿಷಯ ರೂಪುಗೊಂಡಿತು. ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ 1952ರಲ್ಲಿ ಸಾಮಾಜಿಕ ಅಧ್ಯಯನ ಸಂಸ್ಥೆಯೂ, ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಆವರಣದಲ್ಲಿ 1966ರಲ್ಲಿ ಅಭಿವೃದ್ಧಿ ಅಧ್ಯಯನ ಸಂಸ್ಥೆಯೂ ಆರಂಭವಾದವು. ಭಾರತದಲ್ಲಿ 1970ರ ದಶಕದ ಮೊದಲ ವರ್ಷಗಳು ಇಂಥ ಸಂಸ್ಥೆಗಳ ಹುಟ್ಟಿನ ಕಾಲ. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರವನ್ನು ಕೆ. ಎನ್. ರಾಜ್, ಚೆನ್ನೈಯ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯನ್ನು ಮಾಲ್ಕಮ್ ಆದಿಶೇಷಯ್ಯ, ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು (ಐಸೆಕ್) ವಿ. ಕೆ. ಆರ್. ವಿ. ರಾವ್ ಕಟ್ಟಿದರು. ಹೆಸರು ನೋಡಿ ಇವೆಲ್ಲವೂ ಅಭಿವೃದ್ಧಿ ಅಧ್ಯಯನದಲ್ಲಿ ಎಂ.ಎ. ನೀಡುತ್ತವೆ ಎಂದು ಭಾವಿಸುವಂತಿಲ್ಲ. ಐಸೆಕ್ ಮುಖ್ಯವಾಗಿ ಸಂಶೋಧನೆ ಮತ್ತು ಪಿಎಚ್.ಡಿ. ಅಧ್ಯಯನದ ಸಂಸ್ಥೆ. ತಿರುವನಂತಪುರದ ಕೇಂದ್ರದ ಎಂ.ಎ. ಅನ್ವಯಿಕ ಅರ್ಥಶಾಸ್ತ್ರಕ್ಕೆ ಸೇರಿದ್ದು.

ಅರ್ಹತೆ

ಯಾವುದೇ ವಿಷಯದಲ್ಲಿ ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಪದವಿ ಇದ್ದರೆ ಸಾಕು ಎಂಬುದು ಸಾಮಾನ್ಯ ನಿಯಮ. ಕೆಲವು ಸಂಸ್ಥೆಗಳು ಪದವಿಯಲ್ಲಿ ಕನಿಷ್ಠ ಅಂಕವನ್ನು ನಿಗದಿ ಮಾಡುತ್ತವೆ, ಮೀಸಲಾತಿ ವರ್ಗಗಳಿಗೆ ಅದರಲ್ಲಿ ರಿಯಾಯಿತಿ ಇರುತ್ತದೆ. ಅಂತಿಮ ಸೆಮಿಸ್ಟರ್‌ನಲ್ಲಿ ಓದುತ್ತಿರುವವರೂ ಅರ್ಜಿ ಹಾಕಬಹುದು. ಈ ಅವಕಾಶವನ್ನು ತಿಳಿಯದೆ ಹಿಂದೆ ಬೀಳುವವರು ಬಹಳ. ರಾಜ್ಯದ ವಿಶ್ವವಿದ್ಯಾಲಯಗಳ ಎಂ.ಎ. ಪ್ರವೇಶದ ಪ್ರಕಟಣೆ ಸಾಮಾನ್ಯವಾಗಿ ಪದವಿ ಫಲಿತಾಂಶದ ಆಸುಪಾಸಿನಲ್ಲಿ ಹೊರಬೀಳುತ್ತದೆ. ಅದೇ ರೂಢಿಯಲ್ಲಿ ಫಲಿತಾಂಶ ಬರಲೆಂದು ಕಾದ ವಿದ್ಯಾರ್ಥಿಯು ಅಂಕಪಟ್ಟಿ ಕೈಗೆ ಬರುವಷ್ಟರಲ್ಲಿ ರಾಷ್ಟ್ರಮಟ್ಟದ ಪರೀಕ್ಷೆಗಳೆಲ್ಲ ಮುಗಿದುಹೋಗಿರುತ್ತವೆ. ಗೇಟ್ ಪರೀಕ್ಷೆಗೆ ಹೆಸರು ನೋಂದಾಯಿಸುವುದು ಹಿಂದಿನ ವರ್ಷದ ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಅವಧಿಯಲ್ಲಿ, ಪರೀಕ್ಷೆ ನಡೆಯುವುದು ಫೆಬ್ರವರಿಯಲ್ಲಿ. ಸ್ನಾತಕೋತ್ತರ ಸಾಮಾನ್ಯ ಪ್ರವೇಶ ಪರೀಕ್ಷೆ ಈಚಿನ ವರ್ಷಗಳಲ್ಲಿ ಮಾರ್ಚ್‌ನಲ್ಲಿ ನಡೆದಿದೆ. ಅಂದರೆ ಅರ್ಜಿಯ ಕೆಲಸವನ್ನು ಐದನೆಯ ಸೆಮಿಸ್ಟರ್‌ನಲ್ಲಿಯೇ ತೊಡಗಬೇಕಾಗುತ್ತದೆ.

ಸಂಸ್ಥೆಗಳು ಮತ್ತು ಪ್ರವೇಶ ಪರೀಕ್ಷೆಗಳು

ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ (ಟಿಸ್) 1936ರಲ್ಲಿ ಸಮಾಜಕಾರ್ಯದ ಶಾಲೆಯಾಗಿ ಆರಂಭವಾಗಿ 1964ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು. ಇಲ್ಲಿಗೆ ಹಲವು ವರ್ಷ ಟಿಸ್‌ನೆಟ್ ಎಂಬ ಸ್ವಂತ ಪರೀಕ್ಷೆಯಿತ್ತು. ಈಚೆಗೆ ಸಿಯುಇಟಿ-ಪಿಜಿ ಎಂದು ಕರೆಯುವ, ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆಯ ಅಂಕಗಳನ್ನು ಮೊದಲ ಹಂತಕ್ಕೆ ಬಳಸಲಾಗುತ್ತಿದೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಅಭಿವೃದ್ಧಿ ಮತ್ತು ಶ್ರಮ ಅಧ್ಯಯನದ ಎಂ.ಎ.ಗೂ ಇದೇ ಪರೀಕ್ಷೆ. ಇದರಲ್ಲಿ 75 ಬಹು ಆಯ್ಕೆಯ ಪ್ರಶ್ನೆಗಳಿದ್ದು, ಸರಿಯುತ್ತರಕ್ಕೆ 4 ಅಂಕ, ತಪ್ಪುತ್ತರಕ್ಕೆ 1 ಅಂಕ ಕಡಿತ. ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯವೂ ಅಭಿವೃದ್ಧಿ ಅಧ್ಯಯನದಲ್ಲಿ ಎಂ.ಎ. ನೀಡುತ್ತದೆ. ಆದರೆ ಅದು ದೆಹಲಿ ಸರ್ಕಾರದ ವಿಶ್ವವಿದ್ಯಾಲಯವಾಗಿರುವುದರಿಂದ ಶೇ. 85ರಷ್ಟು ಸ್ಥಾನಗಳು ದೆಹಲಿಯವರಿಗೇ ಮೀಸಲು. ಹೊರರಾಜ್ಯದವರು ಉಳಿದ ಶೇ. 15ರಲ್ಲಿ ಸ್ಪರ್ಧಿಸಬೇಕು.

ಮದ್ರಾಸ್ ಐಐಟಿಯಲ್ಲಿ 2006ರಿಂದ ಪಿಯುಸಿ ನಂತರದ ಐದು ವರ್ಷಗಳ ಸಂಯೋಜಿತ ಎಂ.ಎ. ಇತ್ತು. 2023ರಿಂದ ಅದರ ಬದಲಿಗೆ ಎರಡು ವರ್ಷಗಳ ಎಂ.ಎ. ಬಂದಿದ್ದು, ಪ್ರವೇಶಕ್ಕೆ ಗೇಟ್ ಅಂಕಗಳನ್ನು ಪರಿಗಣಿಸಲಾಗುತ್ತದೆ. ಹಳೆಯ ಮಾರ್ಗದರ್ಶಿ ಪುಸ್ತಕಗಳಲ್ಲಿ ಇನ್ನೂ ಐದು ವರ್ಷದ ಪದವಿಯ ಮಾಹಿತಿಯೇ ಇರುವುದುಂಟು. ಗೇಟ್ ಎಂದರೆ ಎಂಜಿನಿಯರುಗಳ ಪರೀಕ್ಷೆ ಎಂಬ ಕಲ್ಪನೆಯೂ ಈಗ ಪೂರ್ತಿ ನಿಜವಲ್ಲ. 2021ರಿಂದ ಮಾನವಿಕ ಮತ್ತು ಸಮಾಜ ವಿಜ್ಞಾನಗಳಿಗೆ ಪ್ರತ್ಯೇಕ ಪ್ರಶ್ನೆಪತ್ರಿಕೆಯಿದೆ. 100 ಅಂಕಗಳ ಈ ಪತ್ರಿಕೆಯಲ್ಲಿ ಸಾಮಾನ್ಯ ಸಾಮರ್ಥ್ಯಕ್ಕೆ 15, ತರ್ಕ ಮತ್ತು ಗ್ರಹಿಕೆಗೆ 25, ಅಭ್ಯರ್ಥಿ ಆರಿಸಿಕೊಂಡ ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಮನಃಶಾಸ್ತ್ರ ಮುಂತಾದ ಒಂದು ವಿಷಯಕ್ಕೆ 60 ಅಂಕಗಳಿವೆ. ಪಡೆದ ಅಂಕ ಮೂರು ವರ್ಷ ಮಾನ್ಯ. ಗುವಾಹಟಿ ಮತ್ತು ಹೈದರಾಬಾದ್ ಐಐಟಿಗಳಲ್ಲಿಯೂ ಈ ಎಂ.ಎ. ಇದೆ.

ಕರ್ನಾಟಕದ ಮಟ್ಟಿಗೆ ಹೆಚ್ಚು ಪರಿಚಿತವಾದದ್ದು ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಎಂ.ಎ. ರಾಜ್ಯ ಶಾಸಕಾಂಗದ 2010ರ ಕಾಯ್ದೆಯಿಂದ ಸ್ಥಾಪಿತವಾದ ಈ ಖಾಸಗಿ ವಿಶ್ವವಿದ್ಯಾಲಯವು ಸ್ವಂತ ಲಿಖಿತ ಪರೀಕ್ಷೆ ಮತ್ತು ಸಂದರ್ಶನದ ಮೂಲಕ ಆಯ್ಕೆ ಮಾಡುತ್ತದೆ, ಕುಟುಂಬದ ಆದಾಯವನ್ನು ನೋಡಿ ಶುಲ್ಕದಲ್ಲಿ ನೆರವು ನೀಡುತ್ತದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಅಭಿವೃದ್ಧಿ ಅಧ್ಯಯನ ವಿಭಾಗವಿದ್ದು, ಈ ವಿಷಯದಲ್ಲಿ ಕನ್ನಡದಲ್ಲಿಯೇ ಸಂಶೋಧನೆ ನಡೆಸಬಹುದಾದ ಅಪರೂಪದ ಸ್ಥಳ ಅದು. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಲ್ಲಿ ಸಮೀಪದ ವಿಷಯಗಳ ಸ್ನಾತಕೋತ್ತರ ಪದವಿಗಳಿವೆ.

ಭಾಷೆಯ ಪ್ರಶ್ನೆ ಇಲ್ಲಿ ಎದುರಾಗುತ್ತದೆ. ಪದವಿ ಪ್ರವೇಶದ ಸಿಯುಇಟಿಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಬಹುದು. ಸ್ನಾತಕೋತ್ತರ ಪರೀಕ್ಷೆಯ ಪ್ರಶ್ನೆಗಳು ಭಾಷಾ ವಿಷಯಗಳನ್ನು ಬಿಟ್ಟರೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಗೇಟ್ ಇಂಗ್ಲಿಷಿನಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ, ಹಳ್ಳಿಯ ಬಡತನವನ್ನು ಪುಸ್ತಕಕ್ಕಿಂತ ಮೊದಲು ಮನೆಯಲ್ಲಿಯೇ ಅರಿತವನು ಅದರ ಅಧ್ಯಯನಕ್ಕೆ ಪ್ರವೇಶ ಪಡೆಯಲು ಮೊದಲು ಇಂಗ್ಲಿಷಿನ ಗದ್ಯಭಾಗವನ್ನು ಬಿಡಿಸಬೇಕಾಗುವುದು ಈ ಆಯ್ಕೆ ಕ್ರಮದ ಒಂದು ವೈರುಧ್ಯ. ಇಂಥವರಿಗೆ ಪರೀಕ್ಷೆಗೆ ಆರೇಳು ತಿಂಗಳ ಮೊದಲಿನಿಂದ ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದಿ ಅದರ ವಾದವನ್ನು ನಾಲ್ಕು ವಾಕ್ಯದಲ್ಲಿ ಬರೆಯುವ ಅಭ್ಯಾಸವು ವ್ಯಾಕರಣದ ಪುಸ್ತಕಕ್ಕಿಂತ ಹೆಚ್ಚು ಫಲ ನೀಡುತ್ತದೆ. ಪರೀಕ್ಷೆಯು ಅಳೆಯುವುದು ಓದಿದ್ದನ್ನು ಗ್ರಹಿಸುವ ಶಕ್ತಿಯನ್ನು.

ಉದ್ದೇಶ ಹೇಳಿಕೆ

ಅಭ್ಯರ್ಥಿಯು ಈ ವಿಷಯವನ್ನು ಏಕೆ ಓದಬಯಸುತ್ತಾನೆ ಎಂಬುದನ್ನು ಐನೂರರಿಂದ ಸಾವಿರ ಪದಗಳಲ್ಲಿ ವಿವರಿಸುವ ಬರಹವನ್ನು ಉದ್ದೇಶ ಹೇಳಿಕೆ ಎನ್ನುತ್ತಾರೆ. ಪದಮಿತಿ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತದೆ, ಕೆಲವು ಕಡೆ ಹೇಳಿಕೆಯ ಬದಲು ಎರಡು ಮೂರು ಸಣ್ಣ ಪ್ರಶ್ನೆಗಳಿರುತ್ತವೆ. ಅರ್ಜಿಯ ಭಾಗಗಳಲ್ಲಿ ಅಭ್ಯರ್ಥಿಯ ಹಿಡಿತದಲ್ಲಿ ಪೂರ್ತಿಯಾಗಿ ಇರುವುದು ಇದೊಂದೇ. ಹಾಗಿದ್ದೂ ಕೊನೆಯ ದಿನ ಬರೆಯುವುದು ಇದನ್ನೇ.

ಚಿಕ್ಕಂದಿನಿಂದ ಸಮಾಜಸೇವೆಯ ಹಂಬಲವಿತ್ತು, ಬಡವರ ಕಷ್ಟ ಕಂಡು ಮನಸ್ಸು ಮರುಗಿತು, ದೇಶದ ಅಭಿವೃದ್ಧಿಗೆ ದುಡಿಯುವ ಆಸೆಯಿದೆ ಎಂಬ ವಾಕ್ಯಗಳು ಸುಳ್ಳಲ್ಲದಿರಬಹುದು, ಆದರೆ ಅವು ಪ್ರತಿಯೊಂದು ಅರ್ಜಿಯಲ್ಲಿಯೂ ಇರುತ್ತವೆ. ಆಯ್ಕೆಗಾರರು ಹುಡುಕುವುದು ಮರುಕವನ್ನಲ್ಲ, ಪ್ರಶ್ನೆಯನ್ನು. ರಾಯಚೂರು ಜಿಲ್ಲೆಯ ಹಳ್ಳಿಯೊಂದರಿಂದ ಬಂದ ಅಭ್ಯರ್ಥಿ ತನ್ನ ಊರಿನವರು ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವುದನ್ನು ಬರೆಯುತ್ತಾನೆ ಎಂದಿಟ್ಟುಕೊಳ್ಳೋಣ. ಗುಳೆಯ ದುಃಖವನ್ನು ಎರಡು ಪುಟ ವರ್ಣಿಸಿದರೆ ಅದು ಪ್ರಬಂಧ ಸ್ಪರ್ಧೆಯ ಬರಹವಾದೀತು. ಗ್ರಾಮೀಣ ಉದ್ಯೋಗ ಖಾತರಿಯ 2005ರ ಕಾಯ್ದೆ ವರ್ಷಕ್ಕೆ 100 ದಿನಗಳ ಕೆಲಸದ ಭರವಸೆ ನೀಡಿದ್ದರೂ ತನ್ನ ಓಣಿಯ ಜನ ಊರು ಬಿಟ್ಟದ್ದೇಕೆ, ಕೂಲಿ ತಡವಾಗಿ ಬಂದದ್ದರಿಂದಲೇ, ಮೇಸ್ತ್ರಿಯಿಂದ ಪಡೆದ ಮುಂಗಡವನ್ನು ತೀರಿಸಲೆಂದೇ, ಅಥವಾ ನಗರದ ಕೂಲಿ ಹೆಚ್ಚೆಂದೇ, ಗುಳೆ ಹೋಗದೆ ಉಳಿದ ಮನೆಗಳು ಯಾವುವು ಎಂದು ಕೇಳಿದರೆ ಅಭಿವೃದ್ಧಿ ಅಧ್ಯಯನ ಆರಂಭವಾಯಿತು. ಉತ್ತರ ಗೊತ್ತಿರಬೇಕಾಗಿಲ್ಲ. ಪ್ರಶ್ನೆಯನ್ನು ಎಷ್ಟು ದೂರ ಕೊಂಡೊಯ್ದಿದ್ದಾನೆ ಎಂಬುದು ಮುಖ್ಯ.

ಸ್ಥಳೀಯ ಅನುಭವವನ್ನು ಪ್ರಕಟಿತ ದಾಖಲೆಗಳೊಂದಿಗೆ ಜೋಡಿಸಿದಾಗ ಹೇಳಿಕೆಗೆ ಬಲ ಬರುತ್ತದೆ. ಕರ್ನಾಟಕದ ಅಭ್ಯರ್ಥಿಗಳಿಗೆ ಈ ವಿಷಯದಲ್ಲಿ ಸಾಮಗ್ರಿಯ ಕೊರತೆಯಿಲ್ಲ. ರಾಜ್ಯದ ಮೊದಲ ಮಾನವ ಅಭಿವೃದ್ಧಿ ವರದಿ 1999ರಲ್ಲಿ, ಎರಡನೆಯದು 2005ರಲ್ಲಿ ಪ್ರಕಟವಾಯಿತು. ಡಿ. ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಪ್ರಾದೇಶಿಕ ಅಸಮತೋಲನ ನಿವಾರಣಾ ಸಮಿತಿಯು 2002ರ ವರದಿಯಲ್ಲಿ ಅಂದಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆ ಎಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವು ಎಂದಿತು. ತನ್ನ ತಾಲ್ಲೂಕು ಆ ಪಟ್ಟಿಯಲ್ಲಿ ಎಲ್ಲಿತ್ತು, ಅಲ್ಲಿಂದೀಚೆಗೆ ಶಾಲೆ, ಆಸ್ಪತ್ರೆ, ನೀರಾವರಿಯಲ್ಲಿ ಏನು ಬದಲಾಗಿದೆ, ಸಮಿತಿಯ ಸೂಚ್ಯಂಕದಲ್ಲಿ ಸೇರದ ಯಾವ ಸಂಗತಿ ತನ್ನ ಊರಿನಲ್ಲಿ ಕಣ್ಣಿಗೆ ಹೊಡೆಯುತ್ತದೆ ಎಂದು ಒಂದು ಪ್ಯಾರಾ ಬರೆಯಬಲ್ಲ ಅಭ್ಯರ್ಥಿಯನ್ನು ಕಡೆಗಣಿಸುವುದು ಕಷ್ಟ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದಾಗಿ ಬಾಗಲಕೋಟೆಯ ಹಳೆಯ ಊರಿನ ಭಾಗಗಳು ಮುಳುಗಿ ನವನಗರ ಎದ್ದ ಬಗೆ, ಕಬ್ಬು ಕಡಿಯುವ ಗುಂಪುಗಳಿಗೆ ಹಂಗಾಮಿಗೆ ಮೊದಲೇ ಕೊಡುವ ಮುಂಗಡ, ಗ್ರಾಮ ಪಂಚಾಯಿತಿಯಲ್ಲಿ ಆಯ್ಕೆಯಾದ ಮಹಿಳೆಯ ಬದಲು ಗಂಡನೇ ಸಭೆಯಲ್ಲಿ ಮಾತನಾಡುವುದು ಮುಂತಾದ ಸಂಗತಿಗಳನ್ನು ಹತ್ತಿರದಿಂದ ನೋಡಿದವರು ಅವನ್ನು ಸಾಮಾನ್ಯ ಸಂಗತಿಗಳೆಂದು ಬಿಟ್ಟುಬಿಡುವುದೇ ಹೆಚ್ಚು. ಮುಂಗಡ, ಗುಳೆ, ಕೋರಿನಂಥ ಮಾತುಗಳನ್ನು ಹಾಗೆಯೇ ಇರಿಸಿ ಅವುಗಳ ಅರ್ಥವನ್ನು ಇಂಗ್ಲಿಷಿನಲ್ಲಿ ವಿವರಿಸುವುದು ತಪ್ಪಲ್ಲ, ಅದು ಬರಹಕ್ಕೆ ನಂಬಿಕೆ ತರುತ್ತದೆ.

ಹೇಳಿಕೆಯ ಕೊನೆಯ ಭಾಗವು ಆ ಸಂಸ್ಥೆಯೇ ಏಕೆ ಎಂಬುದಕ್ಕೆ ಉತ್ತರಿಸಬೇಕು. ಸಂಸ್ಥೆಯ ಕೀರ್ತಿಯನ್ನು ಹೊಗಳುವುದರಿಂದ ಪ್ರಯೋಜನವಿಲ್ಲ, ಅದು ಅವರಿಗೆ ತಿಳಿದೇ ಇರುತ್ತದೆ. ಪಠ್ಯಕ್ರಮದ ಯಾವ ಪತ್ರಿಕೆ, ಯಾವ ಬಗೆಯ ಕ್ಷೇತ್ರಕಾರ್ಯ ತನ್ನ ಪ್ರಶ್ನೆಗೆ ಹೊಂದುತ್ತದೆ ಎಂದು ತೋರಿಸಿದರೆ ಸಾಕು. ಎಂಜಿನಿಯರಿಂಗ್ ಅಥವಾ ವಾಣಿಜ್ಯದಿಂದ ಬರುವವರು ಹಳೆಯ ವಿಷಯವನ್ನು ಬೈದು ಹೊಸದನ್ನು ಹೊಗಳುವ ಅಗತ್ಯವಿಲ್ಲ. ನೀರು ಸರಬರಾಜಿನ ವಿನ್ಯಾಸ ಕಲಿತವನು ಕೇರಿಗೆ ನಲ್ಲಿ ಕೊನೆಗೆ ಬಂದದ್ದೇಕೆ ಎಂದು ಕೇಳುವುದೇ ಒಳ್ಳೆಯ ಸೇತುವೆ. ಸಿದ್ಧ ಮಾದರಿಗಳನ್ನು ನಕಲು ಮಾಡಿದರೆ ಬರಹಗಳ ಹೋಲಿಕೆಯನ್ನು ಪತ್ತೆಹಚ್ಚುವ ತಂತ್ರಾಂಶಗಳಲ್ಲಿ ಸಿಕ್ಕಿಬೀಳುವ ಸಾಧ್ಯತೆಯಿದೆ, ಸಂದರ್ಶನದಲ್ಲಂತೂ ಸಿಕ್ಕಿಬೀಳುವುದು ಖಚಿತ.

ಸಂದರ್ಶನ

ಸಂದರ್ಶನದ ಪ್ರಶ್ನೆಗಳು ಬಹುಪಾಲು ಅಭ್ಯರ್ಥಿಯ ಸ್ವಂತ ಬರಹದಿಂದಲೇ ಹುಟ್ಟುತ್ತವೆ. ಬರೆದಿರುವ ಪ್ರತಿಯೊಂದು ಅಂಕಿ ಅಂಶಕ್ಕೂ ಎಲ್ಲಿಂದ ತಂದಿರಿ ಎಂಬ ಪ್ರಶ್ನೆ ಬರಬಹುದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವುದನ್ನು ಮಂಡಳಿಗಳು ಕೊರತೆಯೆಂದು ಭಾವಿಸುವುದಿಲ್ಲ. ಅಭಿಪ್ರಾಯವನ್ನು ವಿರೋಧಿಸಿ ಕೆಣಕುವುದೂ ಉಂಟು, ಅಲ್ಲಿ ಪಟ್ಟು ಹಿಡಿಯುವುದಕ್ಕಿಂತ ಎದುರು ವಾದವನ್ನು ಕೇಳಿಸಿಕೊಂಡು ಉತ್ತರಿಸುವುದು ಮೇಲು.

ಶಿಫಾರಸು ಪತ್ರ

ವಿದೇಶಿ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಎರಡು ಶಿಫಾರಸು ಪತ್ರಗಳನ್ನು ಕೇಳುತ್ತವೆ. ಅವನ್ನು ಅಧ್ಯಾಪಕರು ತಮ್ಮ ಸಂಸ್ಥೆಯ ಇಮೇಲ್ ವಿಳಾಸದಿಂದ ನೇರವಾಗಿ ಕಳುಹಿಸಬೇಕೆಂಬ ನಿಯಮ ಹಲವು ಕಡೆ ಇದೆ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠ ಹೇಳುವವರಲ್ಲಿ ಅತಿಥಿ ಉಪನ್ಯಾಸಕರು ಬಹಳ ಮಂದಿ. ವಿದ್ಯಾರ್ಥಿಯನ್ನು ಚೆನ್ನಾಗಿ ಬಲ್ಲ ಅವರಿಗೆ ಕಾಲೇಜಿನ ಇಮೇಲ್ ಇರುವುದಿಲ್ಲ, ಮುಂದಿನ ವರ್ಷ ಅದೇ ಕಾಲೇಜಿನಲ್ಲಿ ಇರುತ್ತಾರೆಂಬ ಭರವಸೆಯೂ ಇರುವುದಿಲ್ಲ. ಇಮೇಲ್ ಇರುವ ಪ್ರಾಂಶುಪಾಲರಿಗೆ ವಿದ್ಯಾರ್ಥಿಯ ಪರಿಚಯವೇ ಇರುವುದಿಲ್ಲ. ಹೆಸರು ಮತ್ತು ಅಂಕ ಬಿಟ್ಟು ಬೇರೇನನ್ನೂ ಹೇಳದ ಪ್ರಾಂಶುಪಾಲರ ಪತ್ರಕ್ಕಿಂತ ತರಗತಿಯ ಒಂದು ಚರ್ಚೆಯನ್ನು ನೆನೆದು ಬರೆದ ಉಪನ್ಯಾಸಕರ ಪತ್ರವೇ ಹೆಚ್ಚು ಬೆಲೆಯುಳ್ಳದ್ದು. ಇಮೇಲ್ ಇಲ್ಲದಿರುವ ಕಾರಣವನ್ನು ಪ್ರವೇಶ ಕಚೇರಿಗೆ ಮೊದಲೇ ತಿಳಿಸಿ, ಕಾಲೇಜಿನ ತಲೆಬರಹದ ಕಾಗದದಲ್ಲಿ ಮೊಹರು ಹಾಕಿದ ಪತ್ರವನ್ನು ಸ್ವೀಕರಿಸುವರೇ ಎಂದು ಕೇಳಬೇಕು. ಪತ್ರ ಕೇಳುವಾಗ ಕನಿಷ್ಠ ಮೂರು ವಾರದ ಅವಧಿ ಕೊಟ್ಟು, ಉದ್ದೇಶ ಹೇಳಿಕೆಯ ಪ್ರತಿಯನ್ನೂ ಕೊಡುವುದು ಸೌಜನ್ಯ.

ದಾಖಲೆಗಳು ಮತ್ತು ಮೀಸಲಾತಿ

ಕೇಂದ್ರದ ಸಂಸ್ಥೆಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 15, ಪರಿಶಿಷ್ಟ ಪಂಗಡಕ್ಕೆ ಶೇ. 7.5, ಇತರೆ ಹಿಂದುಳಿದ ವರ್ಗಗಳಿಗೆ ಶೇ. 27, ಆರ್ಥಿಕವಾಗಿ ದುರ್ಬಲರಾದವರಿಗೆ ಶೇ. 10ರಷ್ಟು ಸ್ಥಾನಗಳಿವೆ. ಅಂಗವಿಕಲರಿಗೆ ಶೇ. 5. ಕರ್ನಾಟಕದ ಅಭ್ಯರ್ಥಿಗಳು ಎಡವುವುದು ಹಿಂದುಳಿದ ವರ್ಗಗಳ ಪ್ರಮಾಣಪತ್ರದಲ್ಲಿ. ರಾಜ್ಯದ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಪ್ರಮಾಣಪತ್ರಗಳು ಇಲ್ಲಿ ನಡೆಯುವುದಿಲ್ಲ. ಕೇಂದ್ರದ ನಮೂನೆಯಲ್ಲಿ, ಕೆನೆಪದರಕ್ಕೆ ಸೇರಿಲ್ಲವೆಂದು ತಹಶೀಲ್ದಾರರು ನೀಡುವ ಪತ್ರ ಬೇಕು. ಅದೂ ಸಂಸ್ಥೆ ಸೂಚಿಸಿದ ದಿನಾಂಕದ ನಂತರ ಪಡೆದದ್ದಾಗಿರಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ಆದ್ದರಿಂದ ನಾಡಕಚೇರಿಗೆ ಹೋಗುವ ಮೊದಲು ಕೇಂದ್ರದ ಪಟ್ಟಿಯಲ್ಲಿ ತನ್ನ ಜಾತಿಯ ಹೆಸರು ಯಾವ ರೂಪದಲ್ಲಿದೆ ಎಂದು ನೋಡಿಕೊಳ್ಳುವುದು ಒಳಿತು. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ದೊರೆಯುವ ಮೀಸಲಾತಿಯು ರಾಜ್ಯದ ಶಿಕ್ಷಣ ಸಂಸ್ಥೆಗಳಿಗೆ ಸಂಬಂಧಿಸಿದ್ದು, ಟಿಸ್ ಅಥವಾ ಐಐಟಿಗಳಲ್ಲಿ ಅದು ಅನ್ವಯಿಸದು.

ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ತಾತ್ಕಾಲಿಕ ಪದವಿ ಪ್ರಮಾಣಪತ್ರ, ವರ್ಗಾವಣೆ ಪತ್ರ ಮತ್ತು ವಲಸೆ ಪ್ರಮಾಣಪತ್ರಗಳು ಪ್ರವೇಶದ ವೇಳೆಗೆ ಬೇಕಾಗುತ್ತವೆ. ವಿದೇಶಕ್ಕೆ ಬೇಕಾಗುವ ಕ್ರೋಡೀಕೃತ ಅಂಕಪಟ್ಟಿಗಾಗಿ ವಿಶ್ವವಿದ್ಯಾಲಯದ ಕುಲಸಚಿವರ (ಮೌಲ್ಯಮಾಪನ) ಕಚೇರಿಗೆ ಪ್ರತ್ಯೇಕ ಅರ್ಜಿ ಹಾಕಬೇಕು.

ವಿದೇಶದ ಪ್ರವೇಶ

ಬ್ರಿಟನ್ನಿನ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಈ ಪದವಿ ಒಂದು ವರ್ಷದ್ದು, ಆಕ್ಸ್‌ಫರ್ಡಿನ ಎಂ.ಫಿಲ್. ಎರಡು ವರ್ಷದ್ದು. ಪ್ರವೇಶ ಪರೀಕ್ಷೆ ಇಲ್ಲದಿರುವುದರಿಂದ ಹೇಳಿಕೆ, ಅಂಕ ಮತ್ತು ಶಿಫಾರಸುಗಳೇ ಆಧಾರ. ಇಂಗ್ಲಿಷ್ ಸಾಮರ್ಥ್ಯಕ್ಕೆ ಐಇಎಲ್‌ಟಿಎಸ್‌ನಂಥ ಪರೀಕ್ಷೆಯ ಅಂಕ ಕೇಳುತ್ತಾರೆ, ಅದು ಎರಡು ವರ್ಷ ಮಾನ್ಯ. ಪ್ರವೇಶ ಸಿಗುವುದು ಇಲ್ಲಿ ಅಷ್ಟು ಕಠಿಣವಲ್ಲ. ಹಣ ಹೊಂದಿಸುವುದು ಕಠಿಣ. ಆದ್ದರಿಂದ ವಿದ್ಯಾರ್ಥಿವೇತನದ ಅವಧಿಯನ್ನು ಮೊದಲು ನೋಡಿ, ಅದಕ್ಕೆ ತಕ್ಕಂತೆ ಪ್ರವೇಶದ ಅರ್ಜಿಯನ್ನು ಹೊಂದಿಸಿಕೊಳ್ಳುವುದು ವಿವೇಕದ ಕ್ರಮ.

ವಿದ್ಯಾರ್ಥಿವೇತನ

ಬ್ರಿಟಿಷ್ ಸರ್ಕಾರದ ಚೆವನಿಂಗ್ ವಿದ್ಯಾರ್ಥಿವೇತನಕ್ಕೆ 2,800 ಗಂಟೆಗಳ, ಅಂದರೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಬೇಕು, ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು. 1892ರಲ್ಲಿ ಸ್ಥಾಪಿತವಾದ ಜೆ. ಎನ್. ಟಾಟಾ ದತ್ತಿಯು ಸಾಲದ ರೂಪದಲ್ಲಿ ನೆರವು ನೀಡುತ್ತದೆ. ಕರ್ನಾಟಕದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯು ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ವಿದೇಶ ವ್ಯಾಸಂಗಕ್ಕೆ ಸಂಬಂಧಿಸಿದ್ದು. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯಗಳು, ಭೂರಹಿತ ಕೃಷಿಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಕುಟುಂಬದವರಿಗೆ ಮೀಸಲು. ಇದರ 2022–23ರ ಮಾರ್ಗಸೂಚಿಯು ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಹಾಗೂ ಭಾರತವನ್ನು ಕುರಿತ ಸಾಮಾಜಿಕ ಅಧ್ಯಯನಗಳನ್ನು ವೇತನದ ವ್ಯಾಪ್ತಿಯಿಂದ ಹೊರಗಿರಿಸಿತು. ತಮ್ಮ ಸಮುದಾಯದ ಸ್ಥಿತಿಯನ್ನೇ ಅಧ್ಯಯನ ಮಾಡಬಯಸುವವರಿಗೆ ಇದು ನೇರವಾಗಿ ತಟ್ಟುವ ನಿಯಮವಾದ್ದರಿಂದ ಸಾಕಷ್ಟು ಟೀಕೆಗೆ ಒಳಗಾಯಿತು. ಅರ್ಜಿದಾರರು ಆಯಾ ವರ್ಷದ ಮಾರ್ಗಸೂಚಿಯನ್ನು ಪೂರ್ತಿ ಓದಿ ವಿಷಯವನ್ನು ನಮೂದಿಸಬೇಕು.

ದೇಶದೊಳಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವೇ ಪರಿಶಿಷ್ಟ ವರ್ಗದವರ ಮುಖ್ಯ ಆಧಾರ. ಶುಲ್ಕವನ್ನು ಸಂಸ್ಥೆ ಮೊದಲೇ ಮನ್ನಾ ಮಾಡುತ್ತದೆಯೇ, ಅಥವಾ ವಿದ್ಯಾರ್ಥಿ ಕಟ್ಟಿ ವೇತನ ಬಂದಾಗ ತುಂಬಿಕೊಳ್ಳಬೇಕೇ ಎಂಬುದನ್ನು ಅರ್ಜಿಗೆ ಮೊದಲೇ ವಿಚಾರಿಸಬೇಕು. ಎರಡರ ನಡುವಿನ ಅಂತರವು ಎಷ್ಟೋ ಮನೆಗಳಿಗೆ ಸಾಲದ ಅಂತರ. ಟಿಸ್‌ನಲ್ಲಿ ಈ ವೇತನಕ್ಕೆ ಅರ್ಹರಾದವರಿಗಿದ್ದ ಶುಲ್ಕ ವಿನಾಯಿತಿಯನ್ನು ಹಿಂತೆಗೆದುಕೊಂಡಾಗ 2018ರ ಫೆಬ್ರವರಿಯಲ್ಲಿ ಅದರ ಹಲವು ಆವರಣಗಳ ವಿದ್ಯಾರ್ಥಿಗಳು ತರಗತಿ ಬಹಿಷ್ಕರಿಸಿದ್ದರು.

ಸ್ಥಾನ ಕಾಯ್ದಿರಿಸುವಿಕೆ

ಬೇರೆ ಬೇರೆ ಸಂಸ್ಥೆಗಳ ಫಲಿತಾಂಶ ಬೇರೆ ಬೇರೆ ತಿಂಗಳಲ್ಲಿ ಬರುವುದರಿಂದ, ಒಂದು ಕಡೆ ಶುಲ್ಕ ಕಟ್ಟಿ ಇನ್ನೊಂದರ ಪಟ್ಟಿಗೆ ಕಾಯುವ ಪರಿಸ್ಥಿತಿ ಸಾಮಾನ್ಯ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ಅಧಿಸೂಚನೆಯಂತೆ, ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಸ್ಥಾನ ಬಿಟ್ಟುಕೊಟ್ಟರೆ ಅಲ್ಪ ಮೊತ್ತದ ಸಂಸ್ಕರಣಾ ವೆಚ್ಚವನ್ನು ಕಳೆದು ಪೂರ್ಣ ಶುಲ್ಕ ಮರಳಿಸಬೇಕು. ನಂತರ ದಿನಗಳು ಕಳೆದಂತೆ ಈ ಪ್ರಮಾಣ ಶೇ. 90, 80, 50 ಎಂದು ಇಳಿಯುತ್ತದೆ, ಕೊನೆಯ ದಿನದಿಂದ 30 ದಿನ ಮೀರಿದರೆ ಏನೂ ಸಿಗುವುದಿಲ್ಲ. ಪರಿಶೀಲನೆ ಮುಗಿದ ಮೇಲೆ ವಿದ್ಯಾರ್ಥಿಯ ಮೂಲ ಪ್ರಮಾಣಪತ್ರಗಳನ್ನು ಸಂಸ್ಥೆ ತನ್ನಲ್ಲಿ ಇರಿಸಿಕೊಳ್ಳುವಂತಿಲ್ಲ ಎಂದೂ ಅದೇ ಅಧಿಸೂಚನೆ ಹೇಳುತ್ತದೆ.